ಗೋಡೆಯ ಮೇಲೆ ಉಳಿದ ನೆರಳು

ನಮ್ಮ ಬೀದಿಯ ಚಿತ್ರದಿಂದ ಪಾಪಕ್ಕನ ಇಸ್ತ್ರಿ ಗಾಡಿಯನ್ನು ವಾರ್ಡ್ ಕಚೇರಿಯವರು ಅಳಿಸಿಹಾಕಿದ್ದಾರೆ. ಬೀದಿಯ ಫೋಟೊಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಒಂದು ಕೊಲಾಜ್ ಮಾಡುವಾಗ, ಗಾಡಿಯಿಂದ ಅಂದ ಕೆಡುತ್ತದೆ ಎಂದು ಕಂಪ್ಯೂಟರಿನೊಳಗಿನ ರಬ್ಬರ್ ಅದನ್ನು ಒರೆಸಿತು. ಆದರೆ ಬಿಳಿ ಗೋಡೆಯ ಮೇಲೆ ಬಿದ್ದಿದ್ದ ಗಾಡಿಯ ನೆರಳನ್ನು ಮರೆತಿತು.

"ನೀನಿನ್ನೂ ಇಲ್ಲೇ ಇದ್ದೀಯಾ? ಹೊರಡು," ಎಂದಿತು ರಬ್ಬರ್.

"ಒರೆಸು, ನೋಡೋಣ," ಎಂದಿತು ನೆರಳು.

ರಬ್ಬರ್ ಒರೆಸಿತು. ನೆರಳಿನ ಜೊತೆ ಗೋಡೆಯೂ ಹೋಯಿತು, ಹಿಂದಿನ ಮನೆಗೂ ತೂತು ಬಿತ್ತು. ಗಾಬರಿಯಿಂದ ಎಲ್ಲವನ್ನೂ ಮೊದಲಿನಂತೆ ಮಾಡಿತು.

"ಯಾಕಪ್ಪಾ, ಒರೆಸಿದ್ದನ್ನೆಲ್ಲ ವಾಪಸ್ ತಂದೆಯಾ?" ನೆರಳು ನಕ್ಕಿತು. "ಈ ಚಿತ್ರದಲ್ಲಿ ಎಲ್ಲರೂ ತೊಟ್ಟಿರುವ ಗರಿಗರಿ ಅಂಗಿಗಳನ್ನು ಯಾವಾಗ ಒರೆಸುತ್ತೀಯ?"

"ನೆರಳನ್ನು ಯಾರೂ ನೋಡುವುದಿಲ್ಲ ಬಿಡು."

"ಕಣ್ಣಿದ್ದವರು ನೋಡುತ್ತಾರೆ."

ಆ ಚಿತ್ರ ಈಗ ವಾರ್ಡ್ ಕಚೇರಿಯ ಗೋಡೆಯ ಮೇಲಿದೆ. ಬೀದಿಯನ್ನು ಚಿತ್ರದಲ್ಲಿರುವಂತೆಯೇ ಮಾಡುತ್ತಾರಂತೆ. ಸೋಮವಾರ ಗಾಡಿ ಎತ್ತಲು ಬರುತ್ತಾರೆ. ಅದಕ್ಕೆ ಮೊದಲು, ಪಾಪಕ್ಕ ಇಸ್ತ್ರಿ ಮಾಡಿದ ಅಂಗಿಯನ್ನೇ ತೊಟ್ಟು ಅಲ್ಲಿಗೆ ಹೋಗಿ. ಆ ನೆರಳಿನ ಮೇಲೆ ಬೆರಳಿಟ್ಟು, ಗಾಡಿ ಎಲ್ಲಿ ಎಂದು ಕೇಳಿ. ಉತ್ತರ ಬರುವವರೆಗೆ ಬೆರಳು ತೆಗೆಯಬೇಡಿ.