ಏಡಿಯಮ್ಮ ತೋರಿದ ಕೋಟೆದಾರಿ

ಅಳಿವೆಯ ಏಡಿಯಮ್ಮನ ಮನೆತನ ಪೋರ್ಚುಗೀಸರ ಹಡಗು ಬರುವ ಮೊದಲಿನಿಂದಲೂ ಅಲ್ಲಿ ಮರ್ಯಾದೆಯಿಂದ ಬಾಳಿದ್ದು. ಯಾರೂ ಅವರತ್ತ ಬೆರಳು ತೋರಿಸಿದ್ದಿಲ್ಲ. ಒಂದು ದಿನ ಆಡೊಂದು ಬಂದು, "ಅಮ್ಮನವರೇ, ಉಬ್ಬರ ಏರುವ ಮೊದಲು ಕೋಟೆ ಸೇರಬೇಕು, ನನಗೆ ಈಜು ಬಾರದು. ಕಾಲುದಾರಿ ಯಾವುದು?" ಎಂದಿತು.

"ನನ್ನ ಜೊತೆ ಬಾ. ನಡುವೆ ಪ್ರಶ್ನೆ ಬೇಡ."

ಏಡಿಯಮ್ಮ ಕೋಟೆಯತ್ತ ಮುಖಮಾಡಿ, ಗಂಭೀರವಾಗಿ ಅಡ್ಡಡ್ಡ ನಡೆದಳು. ನೀರು ಹೊಟ್ಟೆಗೆ ತಾಗಿದಾಗ ಆಡು ಕಿರುಚಿತು: "ಕೋಟೆ ಅಗೋ ಅಲ್ಲಿ, ಗುಡ್ಡದ ಮೇಲೆ! ನಾವು ಹೊಳೆಯಲ್ಲಿದ್ದೇವೆ!"

ಅದು ದಡಕ್ಕೆ ಹಾರಿ ಗುಡ್ಡದತ್ತ ಓಡಿತು. ಏಡಿಯಮ್ಮ ಕೋಟೆಯನ್ನು ದುರುಗುಟ್ಟಿ ನೋಡಿ ಕೂಗಿ ಹೇಳಿದಳು: "ನಮ್ಮ ಮನೆಯವರು ದಾರಿ ತಪ್ಪಿದವರಲ್ಲ. ಹೇಳದೆ ಕೇಳದೆ ಜಾಗ ಬಿಟ್ಟು ಹೋದದ್ದು ಆ ಕೋಟೆ. ಹೋಗಿ ಹೇಳು, ಅದು ನನ್ನ ಕ್ಷಮೆ ಕೇಳಬೇಕು."