ಅರ್ಧ ಕ್ಷೌರದ ಕಾನೂನು

"ಕಾನೂನು ಮಾಡೋದು ಏನು ಮಹಾ ಕೆಲಸ? ಬಾಯಲ್ಲಿರೋ ವೀಳ್ಯ ಮುಗಿಯೋದರೊಳಗೆ ಒಂದು ಮಾಡ್ತೀನಿ" ಎಂದು ಸೋನೆಗಿರಿಯ ರಾಜ ಹಿರಿಯಣ್ಣ ನಾಯಕ ಕೊಚ್ಚಿಕೊಳ್ಳುತ್ತಿದ್ದ. ಮಾಡಿಯೂ ಮಾಡುತ್ತಿದ್ದ. ತೊಂದರೆ ಏನೆಂದರೆ, ಅವನ ಕಾನೂನು ಯಾವಾಗಲೂ ಕೊನೆಗೆ ಬಂದು ಅತ್ತವರ ಕಡೆಗೇ ಇರುತ್ತಿತ್ತು. ಹಾಗಾಗಿ ಊರಿನವರು ಬೇಗ ಹೋಗಿ ಅಳುತ್ತಿರಲಿಲ್ಲ.

ಆ ದಿನ ಕೊನೆಗೆ ಬಂದವನು ಮನೆಯೊಡೆಯ ಕೊಟ್ರಶೆಟ್ಟಿ.

"ಮಹಾಸ್ವಾಮಿ, ಮಗನ ಮದುವೆ ಗೊತ್ತಾಗಿದೆ. ಅವನ ಸಂಸಾರಕ್ಕೆ ಮನೆ ಬೇಕು. ಬಾಡಿಗೆಗಿರುವ ನೇಕಾರರ ದ್ಯಾವಮ್ಮ ಬಿಡುತ್ತಿಲ್ಲ."

ರಾಜನ ಕಣ್ಣು ಒದ್ದೆಯಾಯಿತು. "ಬಾಡಿಗೆ ಕೊಟ್ಟು ಕೂತವರು ಯಾರೇ ಆಗಲಿ, ಒಡೆಯ ಏಳು ಅಂದ ಕೂಡಲೇ ಏಳಬೇಕು. ನಾನಾದರೂ ಸರಿ. ಡಂಗುರ ಹೊಡೆಸಿ."

ಡಂಗುರ ಕೇಳಿದ ದ್ಯಾವಮ್ಮ ಮಂತ್ರಿ ಬೊಮ್ಮರಸನ ಮನೆಗೆ ಓಡಿ ಬಂದಳು.

"ಬಿಡಲ್ಲ ಅಂದಿಲ್ಲ ಬುದ್ಧೀ. ಮಗ್ಗ ಗುಂಡಿ ತೋಡಿ ನೆಲದಾಗೆ ಹೂಡೀನಿ. ಸೀರೆ ಅರ್ಧ ಆಗೈತೆ. ಈಗ ಕಿತ್ತರೆ ಹಾಸಿನ ನೂಲೆಲ್ಲ ಹಾಳು. ಆ ಸೀರೇನೇ ನನ್ನ ಮಕ್ಕಳ ಅನ್ನ. ಮುಗಿಯೋಗಂಟ ತಾಳ್ರಿ ಅಂದ್ರೆ ಶೆಟ್ಟರು ಕಾನೂನು ಅಂತಾರೆ."

"ನಾಳೆ ಮಧ್ಯಾಹ್ನದವರೆಗೆ ನೇಯುತ್ತಿರು" ಎಂದು ಬೊಮ್ಮರಸ ಅವಳನ್ನು ಕಳಿಸಿ, ಅರಮನೆಯ ಕ್ಷೌರಿಕ ನಿಂಗಣ್ಣನ ಕಿವಿಯಲ್ಲಿ ಏನೋ ಹೇಳಿದ.

ಸೋನೆಗಿರಿಯಲ್ಲಿ ಒಂದು ಪದ್ಧತಿ ಇತ್ತು. ರಾಜ ಕ್ಷೌರಕ್ಕೆ ಅರಮನೆಯ ಮಣೆಯ ಮೇಲೆ ಕೂರುವಂತಿಲ್ಲ. ಕ್ಷೌರಿಕನೇ ತನ್ನ ಮಣೆ ತರಬೇಕು. ಮಣೆಗೆಂದೇ ಅರಮನೆಯಿಂದ ಅವನಿಗೆ ಬೇರೆ ಕಾಳು ಸಲ್ಲುತ್ತಿತ್ತು.

ಮಾರನೆಯ ಬೆಳಿಗ್ಗೆ ಸಿಂಹಾಸನದ ಹಜಾರದಲ್ಲಿ ಕ್ಷೌರಕ್ಕೆ ಕೂತಿದ್ದ ರಾಜನ ಬಲಗೆನ್ನೆ ನುಣ್ಣಗಾಗಿತ್ತು, ಎಡಗೆನ್ನೆಯಲ್ಲಿ ಗಡ್ಡ ಇನ್ನೂ ಹಾಗೇ ಇತ್ತು. ನಿಂಗಣ್ಣ ಕತ್ತಿ ಮಡಿಸಿದ.

"ಏಳಬೇಕು ಬುದ್ಧೀ. ನನ್ನ ಮಣೆ ನನಗೆ ಬೇಕಾಗೈತೆ."

"ತಲೆ ಕೆಟ್ಟಿದೆಯೇನೋ? ಮಗಳ ಸಂಬಂಧ ಮಾತಾಡೋಕೆ ನೆರೆರಾಜ್ಯದವರು ಹೊರಗೆ ಕೂತಿದ್ದಾರೆ."

ನಿಂಗಣ್ಣ ಮಂತ್ರಿಯ ಕಡೆ ನೋಡಿದ. ಪಕ್ಕದಲ್ಲಿದ್ದ ಬೊಮ್ಮರಸ ಕೈಮುಗಿದ. "ಮಣೆಗೆ ಕಾಳು ಕೊಡುತ್ತೀರಿ, ಪ್ರಭು. ಅಂದಮೇಲೆ ತಾವು ಬಾಡಿಗೆ ಕೊಟ್ಟು ಕೂತವರು. 'ನಾನಾದರೂ ಸರಿ' ಎಂದು ತಾವೇ ಡಂಗುರ ಹೊಡೆಸಿದ್ದೀರಿ."

ರಾಜ ಗೊಣಗುತ್ತಾ ಎದ್ದ. "ಈ ಕಡೆಯನ್ನಾದರೂ ಮುಗಿಸಲಿ ಕಣಯ್ಯಾ."

"ದ್ಯಾವಮ್ಮನೂ ಅದನ್ನೇ ಕೇಳುತ್ತಿದ್ದಾಳೆ. ಅವಳ ಸೀರೆಯೂ ಅರ್ಧ ಆಗಿದೆ."

ರಾಜನಿಗೆ ಅರ್ಥವಾಯಿತು. ಆದರೆ ಅರ್ಥವಾದರೆ ಸಾಕು, ಅವನಿಗೆ ಅತಿಯಾಗಿಯೇ ಅರ್ಥವಾಗುತ್ತಿತ್ತು.

"ಈ ಒಡೆಯರ ಕಾಟವೇ ಬೇಡ. ಹೊಸ ಕಾನೂನು. ಒಮ್ಮೆ ಕೂತವರನ್ನು ಇನ್ನು ಯಾರೂ, ಎಂದಿಗೂ ಏಳಿಸುವಂತಿಲ್ಲ" ಎಂದು ಗೆದ್ದವನಂತೆ ಮತ್ತೆ ಮಣೆಯ ಮೇಲೆ ಕೂತ.

"ಅಪ್ಪಣೆ" ಎಂದ ಬೊಮ್ಮರಸ, ನೆಟ್ಟಗೆ ನಡೆದು ಹೋಗಿ ಸಿಂಹಾಸನದ ಮೇಲೆ ಕಾಲು ಮಡಿಸಿ ಕೂತುಬಿಟ್ಟ.

"ಏಯ್, ಏಳೋ ಅಲ್ಲಿಂದ."

"ಹೇಗೆ ಏಳಿಸುತ್ತೀರಿ ಪ್ರಭು? ಕೂತಾಯಿತಲ್ಲ."

"ಅದು ನನ್ನದು."

"ಆ ಮನೆಯೂ ಕೊಟ್ರಶೆಟ್ಟಿಯದೇ. ಈ ಡಂಗುರ ಕೇಳಿದರೆ ಊರಿನ ಒಡೆಯರೆಲ್ಲ ಖಾಲಿ ಮನೆಗಳಿಗೆ ಬೀಗ ಜಡಿಯುತ್ತಾರೆ. ಆಮೇಲೆ ದ್ಯಾವಮ್ಮನಂಥವರು ಮಗ್ಗ ಹೂಡುವುದೆಲ್ಲಿ?"

ರಾಜ ಅರ್ಧ ಗಡ್ಡ ಸವರಿಕೊಳ್ಳುತ್ತಾ ಯೋಚಿಸಿದ. ಅವನು ಯೋಚಿಸುವುದನ್ನು ನಿಂಗಣ್ಣ ನೋಡಿದ್ದು ಅದೇ ಮೊದಲು.

"ಸರಿ. ಮಗ್ಗದ ಮೇಲಿರುವ ಸೀರೆ ಮುಗಿಯಲಿ, ಅಲ್ಲಿಯವರೆಗೆ ಶೆಟ್ಟಿ ತಾಳಲಿ. ಮುಗಿದ ದಿನ ಅವಳು ಮನೆ ಬಿಡಲಿ. ಇನ್ನು ಮೇಲೆ ಎಲ್ಲರಿಗೂ ಇದೇ ಕಾನೂನು, ಬದಲಾಯಿಸೋದಿಲ್ಲ. ಈಗ ಹೇಳು, ನನ್ನ ಸಿಂಹಾಸನ ಯಾವಾಗ ಬಿಡ್ತೀಯ?"

ಬೊಮ್ಮರಸ ದಿಂಬಿಗೆ ಹಾಯಾಗಿ ಒರಗಿಕೊಂಡ.

"ತಮ್ಮ ಎಡಗೆನ್ನೆ ಮುಗಿದ ಕೂಡಲೇ, ಪ್ರಭು."

ರಾಜ ಎಷ್ಟು ನಕ್ಕನೆಂದರೆ, ನಗು ನಿಲ್ಲುವವರೆಗೆ ನಿಂಗಣ್ಣ ಕತ್ತಿ ಹಿಡಿದು ಕಾಯಬೇಕಾಯಿತು. ಅಷ್ಟು ಹೊತ್ತೂ ಸೋನೆಗಿರಿಯನ್ನು ಆಳಿದವನು ಬೊಮ್ಮರಸ.