ಪೂಜೆ ಮುಗಿಸಿ ನೋಡಿದ ರಕ್ತದೊತ್ತಡ

ಎಲ್ಲರ ಎದೆಯೊಳಗೂ ಬಡಿತವಾಗಿ ಕುಳಿತಿರುವ ಶಿವನಿಗೆ ಶರಣು.

ಮುರುಗಯ್ಯನೆಂಬ ಶಿಷ್ಯ ಊರಿನಿಂದ ಬಂದು, ಮಠದ ಹೊಂಡದ ಮೆಟ್ಟಿಲ ಮೇಲೆ ಕುಳಿತು ಸುಧಾರಿಸಿಕೊಂಡು, ಕಾಲು ತೊಳೆದು ಒಳಗೆ ಬಂದು ಗುರುಗಳನ್ನು ಕೇಳಿದ: "ಅಪ್ಪಾರ, ನಿಮ್ಮ ಮುಂದೆ ಕುಳಿತಾಗ ನನ್ನಲ್ಲಿ ಸಿಟ್ಟಿನ ಸುಳಿವೇ ಇರುವುದಿಲ್ಲ. ಸಿಟ್ಟನ್ನು ಗೆದ್ದೆನೆಂದು ತಿಳಿಯಲೇ?"

ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಎಪ್ಪತ್ತು ದಾಟಿದವನು, ದೈವಭಕ್ತ. ಅವನ ಮನೆಗೂ ತಮ್ಮನ ಮನೆಗೂ ನಡುವೆ ಒಂದೇ ಗೋಡೆ. ಆಸ್ತಿ ಪಾಲಾದ ದಿನದಿಂದ ಇಬ್ಬರಿಗೂ ಮಾತಿಲ್ಲ. ಆಚೆ ತಮ್ಮನ ಮಗ್ಗ ಸದ್ದು ಮಾಡಿದರೆ ಸಾಕು, ಈಚೆ ಇವನು ಹಲ್ಲು ಕಚ್ಚಿ ಅದಕ್ಕಿಂತ ಜೋರಾಗಿ ನೇಯುತ್ತಿದ್ದ. ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಅದು ದುಡಿಮೆಯ ಬಿಸಿ ಎಂದುಕೊಂಡಿದ್ದ.

ತಿಂಗಳಿಗೊಮ್ಮೆ ದವಾಖಾನೆಗೆ ಹೋಗುವನು. ಅಲ್ಲಿ ಮಗ್ಗದ ಸದ್ದಿಲ್ಲ. ಬೇವಿನ ನೆರಳಲ್ಲಿ ಜಪ ಮಾಡುತ್ತ ಕುಳಿತು, ಸರದಿ ಬಂದಾಗ ತೋಳು ಚಾಚುವನು. ರಕ್ತದೊತ್ತಡ ಪ್ರತಿ ಸಲವೂ ಸರಿಯಾಗಿಯೇ ಇರುತ್ತಿತ್ತು. ಆದರೂ ಅವನ ತಲೆನೋವಿನ ಮಾತು ಕೇಳಿ ವೈದ್ಯೆಗೆ ಅನುಮಾನ ಬಂತು.

"ಅಜ್ಜಾರ, ಇಲ್ಲಿ ಕಂಡದ್ದು ಇಲ್ಲಿಯದಷ್ಟೇ. ಈ ಯಂತ್ರ ಒಯ್ಯಿರಿ. ಒಂದು ವಾರ ಬೆಳಿಗ್ಗೆ ಎದ್ದಾಗೊಮ್ಮೆ, ಸಂಜೆ ಮಗ್ಗ ಬಿಟ್ಟು ಐದು ನಿಮಿಷ ಕುಳಿತು ಇನ್ನೊಮ್ಮೆ ನೋಡಿ ಬರೆದು ತನ್ನಿರಿ."

ಮೊದಲ ಸಂಜೆಯೇ ಅಂಕಿ ಬಹಳ ಮೇಲಿತ್ತು. ನೇಕಾರನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಶಿವನಾಮ ನುಡಿದವನ ರಕ್ತ ಹೀಗಿರಬಹುದೇ? ಅದನ್ನು ಬರೆಯಲಿಲ್ಲ. ಮರುದಿನದಿಂದ ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮುಗಿಸಿ, ಆಚೆಯ ಮಗ್ಗ ಸುಮ್ಮನಿರುವ ಹೊತ್ತು ನೋಡಿಯೇ ತೋಳಿಗೆ ಪಟ್ಟಿ ಸುತ್ತಿಕೊಂಡ.

ಹೆಂಡತಿ ನಕ್ಕಳು. "ಬೀಗರ ಮುಂದ ಕುಂತಂಗ ಕುಂತೀರಲ್ಲ. ಮಗ್ಗದಿಂದ ಎದ್ದು ಬಂದಾಗ ಒಮ್ಮೆ ನೋಡ್ರಿ."

"ಪೂಜಿ ಆಗದ ಮೈ ಯಾರಿಗರ ತೋರಸ್ತಾರೇನ? ಸುಮ್ಮಕಿರು."

ವೈದ್ಯೆ ಏಳು ದಿನದ ಅಂಕಿ ನೋಡಿದಳು. ನಂಬಿದಳು. ಗುಳಿಗೆ ಬರೆಯಲಿಲ್ಲ.

ಶ್ರಾವಣದ ಒಂದು ಮುಂಜಾನೆ ಆಚೆಯ ಮಗ್ಗ ಜೋರಾಯಿತು. ಈಚೆಯದೂ ಜೋರಾಯಿತು. ಹಾಗೆಯೇ ಈಚೆಯ ಮಗ್ಗ ಥಟ್ಟನೆ ನಿಂತಿತು. ಆ ಮೌನಕ್ಕೆ ಹೆದರಿ ಮೊದಲು ಓಡಿ ಬಂದವನು ತಮ್ಮನೇ. ಹನ್ನೆರಡು ವರ್ಷದ ಮೇಲೆ ಆ ಹೊಸ್ತಿಲು ದಾಟಿದ್ದ. ಅಣ್ಣನ ಬಲಗೈ ಜೋತುಬಿದ್ದಿತ್ತು, ಬಾಯಿ ಸೊಟ್ಟಗಾಗಿತ್ತು.

"ಅಣ್ಣಾ, ಏನರ ಮಾತಾಡು. ಬೇಕಾದ್ರ ಬೈ" ಎಂದು ತಮ್ಮ ಅತ್ತ.

ಹೆಸರು ಹಿಡಿದು ಅವನನ್ನು ಕರೆಯಬೇಕೆನಿಸಿತು ಅಣ್ಣನಿಗೆ. ನಾಲಿಗೆ ಹೊರಳಲಿಲ್ಲ. ಸಾಯುವತನಕವೂ ಹೊರಳಲಿಲ್ಲ.

ಗುರುಗಳು ಕೇಳಿದರು: "ಮುರುಗಯ್ಯಾ, ಒಳಗೆ ಬರುವ ಮುಂಚೆ ಹೊಂಡದ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕುಳಿತಿದ್ದೆ?"

"ಸಿಟ್ಟು ಇಳಿಯುವಷ್ಟು ಹೊತ್ತು, ಅಪ್ಪಾರ" ಎಂದ ಮುರುಗಯ್ಯ.

ಇದನ್ನು ಕೇಳಿದವರೆಲ್ಲರನ್ನೂ ಯಾರೂ ನೋಡದ ಹೊತ್ತಿನಲ್ಲಿ ಶಿವನು ಕಾಯಲಿ. ನಾಲಿಗೆ ಹೊರಳುವಾಗಲೇ ಅವರಿಗೆ ಒಳ್ಳೆಯ ಮಾತು ಕೊಡಲಿ.